ಅಕಾರಾದಿಗೆ ಸಿಕ್ಕ ಅವ್ವನ ಪದ

ಕನಕಪುರ
೧೧-೧-೨೦೧೦

ಪ್ರೀತಿಯ ತಂಗಿ ನಾಗೂಗೆ ಅಣ್ಣ ಅಂಕಯ್ಯನ ಆಶೀರ್ವಾದ.

ಹೊಂಗನೂರಿನಲ್ಲಿ ಎಲ್ಲರೂ ಕ್ಷೇಮವೇ? ನಿನ್ನ ಸೊಂಟನೋವು ಹೇಗಿದೆ? ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ನೀನು ಊಟ ನಿದ್ದೆ ಎರಡನ್ನೂ ಬಿಡುತ್ತೀಯ. ಸೊಪ್ಪಿನ ಹೊರೆಯನ್ನಾದರೂ ನಿನ್ನ ಯಜಮಾನರು ಹೊರಲಿ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ನಾನು ಚೆನ್ನಾಗಿಲ್ಲ.

ಅವ್ವನ ರಾಗಿ ಬೀಸುವ ಪದಗಳಿದ್ದ ಫೈಲು ತಾನಾಗಿ ಕೆಟ್ಟುಹೋಯಿತು ಎಂದು ಫೋನಿನಲ್ಲಿ ಹೇಳಿದೆನಲ್ಲ, ಅದು ಸುಳ್ಳು. ಕೆಡಿಸಿದವನು ನಾನು. ಅವ್ವ ತೀರಿಕೊಳ್ಳುವ ಮುಂಚೆ, ನನ್ನ ಹಳೆಯ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಅವಳು ಹಾಡಿದ ಹಾಗೇ ಒಂದೊಂದು ಸಾಲು ಟೈಪ್ ಮಾಡಿದವಳು ನೀನು. "ಒಸಿ ತಡಿಯವ್ವ, ನಿನ್ ಪೆಟ್ಗೆ ಉಸ್ರು ತಕಳ್ಳಿ" ಎಂದು ಅವ್ವ ನಡುನಡುವೆ ನಿನ್ನನ್ನು ನಗಿಸುತ್ತಿದ್ದಳಂತೆ. ನಾನು ಒಂದು ದಿನವೂ ಬಂದು ಕೂರಲಿಲ್ಲ.

ವರ್ಷದ ತಿಥಿಗೆ ಪುಸ್ತಕ ಮಾಡಿಸೋಣವೆಂದು ನೀನು ಲ್ಯಾಪ್‌ಟಾಪನ್ನೇ ನನಗೆ ತಂದುಕೊಟ್ಟೆ. ಕೊನೆಯಲ್ಲಿದ್ದ ಪದಗಳ ಹೆಸರಿನ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದಷ್ಟೇ ನನ್ನ ಕೆಲಸ. ಕಾಲೇಜಿನ ಆಫೀಸಿನಲ್ಲಿ ನನ್ನ ಜೊತೆಗಿರುವ ರಸೂಲ್ ಒಂದು ಉಪಾಯ ಹೇಳಿಕೊಟ್ಟಿದ್ದ. ಬರೆಯುವ ಎಡಿಟರಿನಿಂದ ಹೊರಗೆ ಬರದೆ, ಅಲ್ಲೇ ಆಶ್ಚರ್ಯಸೂಚಕ ಚಿಹ್ನೆ ಹಾಕಿ 'ಸಾರ್ಟ್' ಎಂದು ಹೊಡೆದರೆ, ಕಂಪ್ಯೂಟರ್ ಆ ಕಮಾಂಡನ್ನು ನಡೆಸಿ, ಸಾಲುಗಳನ್ನು ಜೋಡಿಸಿ ಅಲ್ಲೇ ತಂದಿಡುತ್ತದೆ. ಮೊದಲಿಗೆ ಶೇಕಡಾ ಚಿಹ್ನೆ ಸೇರಿಸಿದರೆ ಇಡೀ ಫೈಲು ಎಂದರ್ಥ. ವಿದ್ಯಾರ್ಥಿಗಳ ಪಟ್ಟಿಗೆ ದಿನಾ ಅದನ್ನೇ ಹೊಡೆದು ಕೈಗೆ ಅಭ್ಯಾಸವಾಗಿಬಿಟ್ಟಿದೆ. ಹೆಸರಿನ ಪಟ್ಟಿಯೊಂದನ್ನೇ ಗುರುತು ಮಾಡುವ ಬದಲು ಶೇಕಡಾ ಹೊಡೆದೆ, ಸೇವ್ ಮಾಡಿ ಮುಚ್ಚಿದೆ, ಬಸ್ಸಿಗೆ ಓಡಿದೆ. ಮಾರನೇ ದಿನ ತೆರೆದರೆ ಪರದೆಯೆಲ್ಲ ಖಾಲಿ! ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ನೀನು ಬಿಟ್ಟಿದ್ದ ಖಾಲಿ ಸಾಲುಗಳೆಲ್ಲ ಮೇಲೆ ಬಂದು ಕೂತಿದ್ದವು. ಅದರ ಕೆಳಗೆ ಅವ್ವನ ನಾನೂರು ಚಿಲ್ಲರೆ ಸಾಲು, ಹಾಜರಿ ಕೂಗಿದ ಹಾಗೆ, ಅಕಾರದಿಂದ ಹಕಾರದವರೆಗೆ. ಒಂದು ಸಾಲೂ ಕಳೆದಿಲ್ಲ, ಒಂದು ಪದವೂ ಹಾಡಾಗಿ ಉಳಿದಿಲ್ಲ. "ಇನ್ನೊಂದು ಕಾಪಿ ಮಡಿಕಳಣ್ಣ" ಎಂದು ನೀನು ಎಷ್ಟು ಸಲ ಹೇಳಿದ್ದೆ.

ಸುಳ್ಳು ಹೇಳಿದ ದಿನ ನೀನು ಬೈದಿದ್ದರೆ ಒಳ್ಳೆಯದಿತ್ತು. "ಓಗ್ಲಿ ಬುಡಣ್ಣ, ಅವ್ವನ್ನೇ ಉಳಿಸ್ಕಳಕಾಗ್ನಿಲ್ಲ" ಎಂದೆ. ಸಾಲುಗಳನ್ನೆಲ್ಲ ಪ್ರಿಂಟ್ ತೆಗೆದು ಒಂದೊಂದಾಗಿ ಕತ್ತರಿಸಿ ಜೋಡಿಸಲು ಕೂತೆ. ಎರಡು ಸಾಲು ಕೂಡಿಸಲಾಗಲಿಲ್ಲ. ಕೇಳಿದ್ದರೆ ತಾನೆ ನೆನಪಿರುವುದು? ಭಾನುವಾರ ಚೀಟಿಗಳ ಚೀಲ ಹಿಡಿದು ನಿಮ್ಮೂರಿಗೆ ಬರುತ್ತೇನೆ. ಬಾಗಿಲಲ್ಲೇ ಬೈದು ಆಮೇಲೆ ಒಳಗೆ ಕರೆ.

ಯಜಮಾನರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ಅಣ್ಣ,
ಅಂಕಯ್ಯ

ಮರೆತೆ: ಖಾಲಿ ಸಾಲುಗಳು ಮುಗಿದ ಮೇಲೆ ಮೊಟ್ಟಮೊದಲು ಸಿಗುವುದು ನನ್ನ ಹೆಸರು. 'ಅಂಕ ಉಣ್ಣದ ಮುದ್ದೆ ಆರಿಹೋಯಿತು ತಾಯಿ', 'ಅಂಕ ಬರುವಾನೆಂದು ಅಂಗಳವ ಗುಡಿಸೇನು'. ಹೀಗೇ ಹದಿನಾಲ್ಕು ಸಾಲು. ನೀನೇ ಟೈಪ್ ಮಾಡಿದ್ದು. ನಿನಗೆ ಗೊತ್ತಿತ್ತು, ಅದಕ್ಕೇ ತಾನೆ ಲ್ಯಾಪ್‌ಟಾಪ್ ಕೊಡುವಾಗ "ಒಸಿ ಓದಣ್ಣ" ಎಂದು ಅಷ್ಟು ಬೇಡಿಕೊಂಡದ್ದು? ಆ ಹದಿನಾಲ್ಕರಲ್ಲಿ ಒಂದೊಂದರ ಮುಂದಿನ ಸಾಲು ಯಾವುದೆಂದು ಮೊದಲು ಹೇಳು ನಾಗೂ. ನಾನು ಬರಲಿಲ್ಲವೆಂದು ಹಾಡಿದ ಮೇಲೆ ಅವ್ವ ಏನೆಂದಳು?