ಕೋಳಿಗೂಡಿಗೆ ಸಾಂಬ್ರಾಣಿ ಬೇಡ

ಅತ್ತೆ,

ನಾನು ಮೇಟಗಳ್ಳಿಗೆ ಕೆಲಸಕ್ಕೆ ಹೊರಟೆ. ಇವತ್ತೂ ಚಳಿ ಜಾಸ್ತಿಯಂತೆ.

ಕೋಳಿಗೂಡಿನೊಳಗೆ ಮತ್ತೆ ಕೆಂಡ, ಸಾಂಬ್ರಾಣಿ ಇಡಬೇಡಿ. ಅದು ಬಾಣಂತಿ ಕೋಣೆ ಅಲ್ಲ ಕಣತ್ತೆ! ನನ್ನ ಬಾಣಂತನದಲ್ಲಿ ಹಾಕಿದ ಹೊಗೆ ಸಾಲಲಿಲ್ವಾ? ನಿನ್ನೆ ಆರೂ ಕೋಳಿಗಳು ಉಸಿರಾಡೋಕೆ ಒದ್ದಾಡ್ತಿದ್ವು.

ಸಂಜೆ ಒಣಹುಲ್ಲು ದಪ್ಪಗೆ ಹಾಸಿ. ಗಾಳಿ ಬರೋ ಕಡೆಗೆ ಗೋಣಿಚೀಲ ಕಟ್ಟಿ, ಮೇಲ್ಗಡೆ ಮಾತ್ರ ಒಂದು ಗೇಣು ಬಿಡಿ. ಗೂಡಿಗೆ ಸೇರಿಸೋ ಮುಂಚೆ ಒಂದು ಹಿಡಿ ಜೋಳ ಹಾಕಿದ್ರೆ ಮೈ ತಾನೇ ಬೆಚ್ಚಗಿರುತ್ತೆ.

ನಡುಗ್ತಾ ಬಿದ್ದಿದ್ದ ಕರಿ ಹೇಂಟೆ ಬೆಳಿಗ್ಗೆ ಎದ್ದು ನಿಂತು ನನ್ನ ಕೈ ಕುಕ್ಕಿತು. ಬದುಕುತ್ತೆ ಬಿಡಿ. ನಿನ್ನೆ ನಾನು ಕೂಗಾಡಿ ಒಳಗೆ ಹೋದ ಮೇಲೆ ನೀವು ನಿಮ್ಮ ಶಾಲು ತಂದು ಅದಕ್ಕೆ ಹೊದಿಸಿದ್ದು ನೋಡಿದೆ. ಅದು ಅಲ್ಲೇ ಇರಲಿ.

ನನ್ನ ಸ್ವೆಟರ್ ನಿಮ್ಮ ಮಂಚದ ಮೇಲಿಟ್ಟಿದ್ದೀನಿ. ಹಾಕ್ಕೊಳ್ಳಿ.

ಮಂಜುಶ್ರೀ