ಮುಂದಿನ ಮಡ್‌ಗಾರ್ಡ್

ಪ್ರೀತಿಯ ತಮ್ಮನಿಗೆ,

ಅಪ್ಪನ ಹಳೇ ಕಾರಿಗೆ ನೀನು ತರಿಸಿಟ್ಟ, ಗಾಡಿಯ ಮೈ ಅಗಲ ಮಾಡುವ ಆ ಬಾಡಿ ಕಿಟ್ ಹಾಕಿಸು. ನಾನಿನ್ನು ಅಡ್ಡ ಬರುವುದಿಲ್ಲ. ಟಿಂಕರ್ ಮೇಸ್ತ್ರಿ ಯಾವಾಗ ಬೇಕಾದರೂ ಬಂದು ಮಡ್‌ಗಾರ್ಡ್ ಕತ್ತರಿಸಲಿ.

ನಾನು ಇಷ್ಟು ದಿನ ಹಟ ಹಿಡಿದದ್ದು ಕಾರಿನ ಅಂದಕ್ಕಾಗಿ ಅಲ್ಲ. ಮನೆಯೊಳಗೆ ಅಪ್ಪ ನನ್ನನ್ನು "ನೀವು ಯಾರಮ್ಮ?" ಎಂದು ಕೇಳುತ್ತಾರೆ. ಶೆಡ್ಡಿಗೆ ಕರೆದೊಯ್ದು ಮುಂದಿನ ಮಡ್‌ಗಾರ್ಡಿನ ಉಬ್ಬಿನ ಮೇಲೆ ಅವರ ಕೈ ಇರಿಸಿದರೆ ಮಾತ್ರ, "ಬಾರೇ ಮಗಳೇ, ಗಾಡಿ ಹತ್ತು, ಸ್ಕೂಲಿಗೆ ಹೊತ್ತಾಯ್ತು" ಅನ್ನುತ್ತಿದ್ದರು. ಅಷ್ಟು ಕೇಳಿಸಿಕೊಂಡು ಉಳಿದ ದಿನವನ್ನು ಹೇಗೋ ದೂಡುತ್ತಿದ್ದೆ.

ಕಳೆದ ವಾರ ಮೇಸ್ತ್ರಿ ಅಳತೆ ನೋಡಲೆಂದು ಕಿಟ್ಟಿನ ಒಂದು ತುಂಡನ್ನು ಆ ಉಬ್ಬಿನ ಮೇಲೆ ಟೇಪ್ ಹಾಕಿ ಅಂಟಿಸಿ ಊಟಕ್ಕೆ ಹೋಗಿದ್ದರು. ಅಪ್ಪ ಕೈಯಾಡಿಸಿದವರು ಬೆಂಕಿ ತಾಗಿದಂತೆ ಎಳೆದುಕೊಂಡರು. "ತಪ್ಪಾಯ್ತಮ್ಮ, ಇದು ಬೇರೆಯವರ ಗಾಡಿ." ಆ ತುಂಡನ್ನು ಅಲ್ಲೇ ಕಿತ್ತುಹಾಕಿದೆ. ಅಂದಿನಿಂದ ದಿನವೂ ಅವರ ಕೈ ಹಿಡಿದು ಅದೇ ಜಾಗದಲ್ಲಿ ಇರಿಸುತ್ತಿದ್ದೇನೆ. ಉಹೂಂ. "ಯಾರಾದ್ರೂ ಬೈತಾರೆ, ನಡೀರಿ" ಅನ್ನುತ್ತಾರೆ.

ಮೇಸ್ತ್ರಿಯನ್ನು ಬೈಯಬೇಡ, ಪಾಪ, ಅವರಿಗೇನು ಗೊತ್ತು. ಕಿಟ್ ಕೂರಿಸಿದರೆ ಕಾರು ಶೆಡ್ಡಿನ ಬಾಗಿಲಲ್ಲಿ ತೂರುವುದಿಲ್ಲವಂತೆ. ಆದ್ದರಿಂದ ನಿನ್ನ ಮನೆಗೇ ಒಯ್ದುಬಿಡು. ಬರುವಾಗ ಬ್ಯಾಟರಿ ತಾ, ಇಲ್ಲಿರುವುದು ಸತ್ತಿದೆ.

ಅಪ್ಪನನ್ನು ಒಂದು ಮಾತು ಕೇಳು ಎಂದು ಬರೆದಿದ್ದೆಯಲ್ಲ, ನಿನ್ನೆ ಕೇಳಿದೆ. ಎರಡೂ ಕೈ ಜೋಡಿಸಿ, "ನಿಮ್ಮ ಗಾಡಿ, ನಿಮ್ಮಿಷ್ಟ ಅಮ್ಮಾ" ಎಂದರು.

ನಿನ್ನ
ಅಕ್ಕ