ಅಳತೆ ಪುಸ್ತಕದಲ್ಲಿ ಗುಬ್ಬಿ

ಮಾರ್ಚ್ 3
ಬೆಳಿಗ್ಗೆ ಎರಡು ಪ್ಯಾಂಟು ಕತ್ತರಿಸಿದೆ. ಮೆಷಿನ್ನಿನ ಬೆಲ್ಟು ಮತ್ತೆ ಜಾರುತ್ತಿದೆ. ಮಧ್ಯಾಹ್ನ ತಂಗಿ ಬಂದಳು, ಆಫೀಸಿನ ಸ್ಕರ್ಟು, ಅಂಗಿ ಹಿಡಿದು. ಸೊಂಟ ಬಿಚ್ಚಿ ಅಗಲ ಮಾಡಬೇಕಂತೆ — ಮೂರನೇ ಸಲ.
"ಏನೇ ಗುಬ್ಬಿ, ಯಾವ ಕಣಜಕ್ಕೆ ನುಗ್ಗಿದ್ದೆ?"
"ನಿನ್ನ ಟೇಪೇ ಕುಗ್ಗಿದೆ ಕಣಕ್ಕಾ."
ಸೊಂಟ ಬಿಟ್ಟೆ. ಅಂಗಿಯ ತೋಳು ಮಾತ್ರ ಜೋಲುತ್ತಿತ್ತು, ಹಿಡಿದು ಹೊಲಿದೆ.

ಮಾರ್ಚ್ 19
ನಂಬಲಾಗುತ್ತಿಲ್ಲ. ತಂಗಿ ಆಫೀಸಿನ ಮೆಟ್ಟಿಲ ಮೇಲೆ ಕುಸಿದಳಂತೆ. ಸ್ಕ್ಯಾನಿಂಗ್ ಆಯಿತು. ಕೊಬ್ಬಲ್ಲ — ಹೊಟ್ಟೆಯಲ್ಲಿ ನೀರು. ಲಿವರಿನಿಂದ ರಕ್ತ ಹೊರಡುವ ಮೂರು ನಾಳಗಳ ಬಾಯಿಯೂ ಮುಚ್ಚಿದೆ. ರಕ್ತ ಒಳಗೇ ಮಡುಗಟ್ಟಿದೆ.
"ಯಾವಾಗಿಂದ ಹೊಟ್ಟೆ ಊದಿದೆ?" ಡಾಕ್ಟರು ಕೇಳಿದರು. ತಂಗಿಗೆ ನೆನಪಿಲ್ಲ. ಅಂಗಡಿಗೆ ಓಡಿ ಅಳತೆ ಪುಸ್ತಕ ತಂದೆ.
ಅಕ್ಟೋಬರ್ — ಸೊಂಟ 28, ತೋಳಿನ ಸುತ್ತು ಹತ್ತು. ಡಿಸೆಂಬರ್ — 30, ಒಂಬತ್ತೂವರೆ. ಮಾರ್ಚ್ — 33, ಒಂಬತ್ತು.
ಡಾಕ್ಟರು ಎರಡು ಸಲ ಓದಿದರು. "ಇದನ್ನ ಬರೆದೋರು ಯಾರಮ್ಮಾ?"
ನಾನೇ. ನನ್ನದೇ ಅಕ್ಷರ. ದಪ್ಪಗಾಗುವವಳ ತೋಳು ಸಣ್ಣಗಾಗುತ್ತದೆಯೇ? ನಲವತ್ತು ವರ್ಷ ಟೇಪು ಹಿಡಿದವಳಿಗೆ ಇದು ಹೊಳೆಯಲಿಲ್ಲ.

ಮಾರ್ಚ್ 22
ಕತ್ತಿನ ರಕ್ತನಾಳದಿಂದ ತಂತಿ ಇಳಿಸಿದರು. ಎಕ್ಸ್‌ರೇ ಪರದೆ ನೋಡುತ್ತ ಎರಡು ಗಂಟೆ. ನಾಳದ ಬಾಯಿ ಸಿಗಲಿಲ್ಲ. ಕುರುಡಾಗಿ ಚುಚ್ಚಿದರೆ ಒಳಗೇ ರಕ್ತ ಸುರಿಯುತ್ತದಂತೆ. ನಿಲ್ಲಿಸಿಬಿಟ್ಟರು. ಇನ್ನೊಂದು ಸಲ ನೋಡುತ್ತಾರೆ. ಆಗದಿದ್ದರೆ ಲಿವರನ್ನೇ ಬದಲಾಯಿಸಬೇಕು.

ಮಾರ್ಚ್ 24, ಬೆಳಿಗ್ಗೆ
ಡಾಕ್ಟರು ಚಿತ್ರ ಬರೆದು ತೋರಿಸಿದರು. ಈ ಸಲ ಪಕ್ಕೆಯಿಂದ. ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಸೂಜಿ ನೇರ ಲಿವರಿನ ನಾಳಕ್ಕೆ, ಅಲ್ಲಿಂದ ತಂತಿ ಮೇಲಕ್ಕೆ, ಕತ್ತಿನಲ್ಲಿ ಹೊರಕ್ಕೆ. ಆಮೇಲೆ ಬಲೂನು ಉಬ್ಬಿಸಿ ಬಾಯಿ ಅಗಲಿಸಿ, ಮತ್ತೆ ಮುಚ್ಚದಂತೆ ಸ್ಟೆಂಟು ಎಂಬ ಜಾಲರಿ ಕೊಳವೆ ಇಡುವುದು.
"ಪೈಜಾಮದ ಲಾಡಿ ಹಂಗೆ," ಎಂದೆ. "ಈ ಕಡೆ ಬಾಯಿ ಹೊಲಿದುಹೋಗಿದ್ರೆ ಆ ಕಡೆಯಿಂದ ಪಿನ್ನು ತೂರಿಸ್ತೀವಿ. ಆದ್ರೆ ನಮಗೆ ಪಿನ್ನು ಬೆರಳಿಗೆ ಸಿಗುತ್ತೆ, ಸ್ವಾಮಿ."
"ನಮಗೆ ಪರದೆಯೇ ಬೆರಳು, ಅಮ್ಮಾ."
ಸ್ಟ್ರೆಚರಿನ ಮೇಲಿಂದ ತಂಗಿ: "ಡಾಕ್ಟ್ರಿಗೆ ಹೊಲಿಗೆ ಹೇಳ್ಕೊಡಬೇಡ ಅಕ್ಕ, ನಿನ್ನ ಗಿರಾಕಿಗಳು ಅಲ್ಲಿಗೇ ಹೋಗ್ತಾರೆ."
ನಗು ಬರಲಿಲ್ಲ.

ಅದೇ ದಿನ, 4 ಗಂಟೆ
ತಂತಿ ದಾಟಿತು! ಸ್ಟೆಂಟೂ ಕೂತಿತು. ಪರದೆಯ ಚಿತ್ರ ತೋರಿಸಿದರು — ನಾಳಕ್ಕೆ ಬಿಟ್ಟ ಕಪ್ಪು ಬಣ್ಣ ಸರ್ರನೆ ಹೃದಯದ ಕಡೆ ಹರಿಯುತ್ತಿದೆ. ಅಷ್ಟು ಸಣ್ಣ ಬಾಯಿ. ಗುಂಡಿಯ ಕಾಜಾಕ್ಕಿಂತ ಸಣ್ಣದು. ಅಷ್ಟಕ್ಕೇ ಇವಳು ನನ್ನ ಕೈ ತಪ್ಪಿಹೋಗುತ್ತಿದ್ದಳು...

ಮಾರ್ಚ್ 29
ನಾಲ್ಕು ದಿನ ಅಳತೆ ಪುಸ್ತಕ ಮುಟ್ಟಲಿಲ್ಲ. ಹೆದರಿಕೆ. ಇಂದು ಹೊಟ್ಟೆಯ ಸುತ್ತು ಅಳೆಯಲು ನರ್ಸು ಟೇಪು ಎತ್ತಿಕೊಂಡರೆ, "ನಮ್ಮಕ್ಕನೇ ಅಳೀಲಿ," ಎಂದಳು ತಂಗಿ.
"ನಾನು ಅಳೆದು ಉದ್ಧಾರ ಮಾಡಿದ್ದು ಸಾಲದೇನೇ?"
"ಅಳತೆ ಸರಿಯಾಗೇ ಇತ್ತು ಕಣಕ್ಕಾ. ಯಾಕೆ ಹಿಂಗೆ ಅಂತ ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."
ಟೇಪು ಸುತ್ತಿದೆ. ಕಣ್ಣು ಮಂಜಾಗಿ ಅಂಕಿ ಕಾಣಲಿಲ್ಲ. ಮತ್ತೆ ನೋಡಿದೆ. "ನೋವಿದೆಯಾ? ಊಟ ಸೇರ್ತಿದೆಯಾ?" — ಮೊದಲ ಸಲ ಕೇಳಿದೆ.
ಸೊಂಟ 31. ತೋಳು ಇನ್ನೂ ಒಂಬತ್ತೇ — ಊಟ ಸೇರಿದರೆ ತುಂಬೀತು.